ಸ್ಪಷ್ಟನೆ: ಫೇಸ್‌ಬುಕ್ ಸ್ಥಗಿತ ಮತ್ತು ಬದಲಿ ರಿಮೋಟ್ ಸಂಪರ್ಕ

‘2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸ್ಥಗಿತಗೊಂಡದ್ದು ಅದರ ಡೇಟಾ ಸೆಂಟರ್‌ಗಳಿಗೆ ಬದಲಿ ರಿಮೋಟ್ ಸಂಪರ್ಕವೇ ಇಲ್ಲದ್ದರಿಂದ, ನಿಮ್ಮ ಸರ್ವರ್‌ನಲ್ಲಿ ಐಎಲ್‌ಒ ಅಥವಾ ಐಡ್ರ್ಯಾಕ್ ಇದ್ದರೆ ಆ ಚಿಂತೆಯಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. (ಬದಲಿ ರಿಮೋಟ್ ಸಂಪರ್ಕವೆಂದರೆ ಮುಖ್ಯ ಜಾಲ ಕೆಟ್ಟಾಗ ಯಂತ್ರಗಳನ್ನು ದೂರದಿಂದ ತಲುಪುವ ಬೇರೆ ದಾರಿ; ಐಎಲ್‌ಒ, ಐಡ್ರ್ಯಾಕ್ ಎಂದರೆ ಸರ್ವರನ್ನು ದೂರದಿಂದ ನಿಯಂತ್ರಿಸಲು ಅದರೊಳಗೇ ಇರುವ ಸಾಧನಗಳು.) ಆ ಸಂದೇಶದ ಎರಡೂ ಮಾತುಗಳು ತಪ್ಪು. ಪರಿಶೀಲಿಸದೆ ಅದನ್ನು ಮುಂದೆ ಕಳುಹಿಸಿದವರಲ್ಲಿ ನಾನೂ ಒಬ್ಬ.

ಘಟನೆಯ ನಂತರ ಆ ಕಂಪನಿಯೇ ಪ್ರಕಟಿಸಿದ ವಿವರಣೆಯ ಪ್ರಕಾರ, ನಿರ್ವಹಣೆಯ ವೇಳೆ ನೀಡಿದ ಒಂದು ಆದೇಶದಿಂದ ಡೇಟಾ ಸೆಂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಬೆನ್ನೆಲುಬು ಜಾಲದ ಸಂಪರ್ಕಗಳೆಲ್ಲ ಕಡಿದುಹೋದವು. ಅಂಥ ಆದೇಶವನ್ನು ತಡೆಯಬೇಕಿದ್ದ ತಪಾಸಣಾ ಸಾಧನದಲ್ಲಿ ದೋಷವಿತ್ತು. ಬದಲಿ ಸಂಪರ್ಕ ಜಾಲ ಇತ್ತು, ಆದರೆ ಮುಖ್ಯ ಜಾಲದ ಜೊತೆಗೇ ಅದೂ ಕೈಕೊಟ್ಟಿತು. ಹಾಗಾಗಿ ಎಂಜಿನಿಯರುಗಳು ಸ್ಥಳಕ್ಕೇ ಹೋಗಬೇಕಾಯಿತು.

ಐಎಲ್‌ಒ, ಐಡ್ರ್ಯಾಕ್‌ಗಳು ಸರ್ವರ್ ಆಫ್ ಆಗಿದ್ದರೂ ಕೆಲಸ ಮಾಡುತ್ತವೆಂಬುದು ನಿಜ. ಆದರೆ ಅವುಗಳ ಕೇಬಲ್ ಯಂತ್ರಗಳನ್ನು ಜಾಲಕ್ಕೆ ಜೋಡಿಸುವ ಮುಖ್ಯ ಸ್ವಿಚ್‌ಗೇ ಹೋಗುತ್ತಿದ್ದರೆ, ಆ ಸ್ವಿಚ್ ಕೆಟ್ಟ ಕ್ಷಣ ಅವೂ ಕೈಗೆಟುಕುವುದಿಲ್ಲ; ಕೆಟ್ಟಿರುವ ಸ್ವಿಚ್ಚನ್ನು ಅವು ದುರಸ್ತಿ ಮಾಡಲಾರವು. ಅದಕ್ಕೆ ಸ್ವಿಚ್ ಮತ್ತು ರೌಟರ್‌ಗಳ ಕನ್ಸೋಲ್ ಪೋರ್ಟಿಗೆ (ಜಾಲವಿಲ್ಲದೆಯೂ ಸಾಧನವನ್ನು ನೇರವಾಗಿ ನಿಯಂತ್ರಿಸುವ ಪೋರ್ಟು) ಜೋಡಿಸಿದ ಕನ್ಸೋಲ್ ಸರ್ವರ್, ಅದಕ್ಕೆ ಬೇರೆ ಸೇವಾದಾರರ ಲೈನ್ ಅಥವಾ 4ಜಿ ಮೋಡೆಮ್ ಬೇಕು. ಲಾಗಿನ್ ಕೂಡ ಮುಖ್ಯ ಜಾಲದ ಡಿಎನ್ಎಸ್ (ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅನ್ನಾಗಲಿ ಪಾಸ್‌ವರ್ಡ್ ಸರ್ವರನ್ನಾಗಲಿ ನೆಚ್ಚಿಕೊಂಡಿರಬಾರದು, ವಿಪಿಎನ್ (ಗೂಢಲಿಪೀಕರಿಸಿದ ಖಾಸಗಿ ಸಂಪರ್ಕ) ಇಲ್ಲದೆ ಈ ದಾರಿಯನ್ನು ಅಂತರ್ಜಾಲಕ್ಕೆ ತೆರೆದಿಡಲೂಬಾರದು.

ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳುಹಿಸಿದ್ದರೆ ಈ ತಿದ್ದುಪಡಿಯನ್ನೂ ಅವರಿಗೇ ತಲುಪಿಸಿ.