ಮಕ್ಕಳ ಕೈಗೆ ಕಲ್ಲಿನಂಥ ಬ್ಲೇಡ್ ಕೊಡಬೇಡಿ

ಸಂಜೆ ಟೇಬಲ್ ಟೆನಿಸ್ ಕ್ಲಬ್ಬಿನಿಂದ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಸಿಟ್ಟು ಬ್ಲೇಡಿನ ವಿಷಯಕ್ಕೆ, ಅಂದರೆ ಬ್ಯಾಟಿನಲ್ಲಿ ರಬ್ಬರಿನ ಕೆಳಗಿರುವ ಮರದ ಹಲಗೆಯ ವಿಷಯಕ್ಕೆ. ಬರೆದಾದರೂ ಇಳಿಸಿಕೊಳ್ಳುತ್ತೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ಜೂನ್ ಹಿಡಿಯಿತೆಂದರೆ ಕೊಡಗಿನ ಮೈದಾನಗಳ ಗತಿ ಏನೆಂದು ನಿಮಗೆ ಗೊತ್ತು. ಹಾಕಿ ಕೋಲುಗಳು ಮೂಲೆ ಸೇರುತ್ತವೆ, ಆಡದೆ ಇರಲಾರದವರು ಟೇಬಲ್ ಟೆನಿಸ್ ಹಾಲ್‌ಗೆ ಬರುತ್ತಾರೆ. ಈಗೀಗ ಮಕ್ಕಳೂ ಬರುತ್ತಿದ್ದಾರೆ. ಅವರಲ್ಲಿ ಹೈಸ್ಕೂಲಿನ ಒಬ್ಬ ಹುಡುಗನ ಕೈ ನೋಡುವುದೇ ನನಗೆ ಸಂತೋಷ. ಅವನ ಪುಶ್, ಅಂದರೆ ಚೆಂಡಿನ ಅಡಿಯನ್ನು ಸವರಿ ಮೆಲ್ಲಗೆ ತಳ್ಳುವ ಹೊಡೆತ, ನೆಟ್ಟಿನ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ದಾಟಿ, ಆಚೆ ಬದಿಯಲ್ಲಿ ಎರಡು ಸಲ ಪುಟಿಯುವಷ್ಟು ಗಿಡ್ಡವಾಗಿ ಬೀಳುತ್ತಿತ್ತು. ಯಾರೂ ಹೇಳಿಕೊಟ್ಟಿದ್ದಲ್ಲ, ಸಾಧಾರಣ ಮರದ ಬ್ಯಾಟಿನಲ್ಲಿ ಆಡಿ ಆಡಿ ಕೈಯೇ ಕಲಿತದ್ದು. ಇಂದು ಅದೇ ಹುಡುಗ ಪುಶ್ ಮಾಡಿದರೆ ಚೆಂಡು ಎದೆಯೆತ್ತರಕ್ಕೆ ಏಳುತ್ತಿತ್ತು, ಬ್ಯಾಟು ಅಡ್ಡ ಹಿಡಿದು ಬ್ಲಾಕ್ ಮಾಡಿದರೆ ಟೇಬಲ್ ದಾಟಿ ಗೋಡೆಗೆ ಬಡಿಯುತ್ತಿತ್ತು. ಕೈಯಲ್ಲಿ ಹೊಸ ಬ್ಯಾಟು, ಒಳಗೆ ಕಾರ್ಬನ್ ನಾರಿನ ಪದರವಿರುವಂಥದ್ದು. 'ಇನ್ನು ಮೇಲೆ ದೊಡ್ಡ ಆಟ ಆಡಬೇಕು' ಎಂದು ನಮ್ಮ ಹಾಲ್‌ನ ಹಿರಿಯರೇ ಅವನ ಅಪ್ಪನಿಗೆ ಹೇಳಿ ತರಿಸಿದ್ದರಂತೆ. ಹುಡುಗ ಸೋತು ಬೆಂಚಿನ ಮೇಲೆ ಕುಳಿತಾಗ ಅದೇ ಹಿರಿಯರು ಅವನ ಭುಜ ತಟ್ಟಿ 'ಅಭ್ಯಾಸವಾಗುತ್ತದೆ, ಕಾರ್ಬನ್ ಹಾಗೆಯೇ' ಎಂದರು. ನನಗೆ ತಡೆಯಲಾಗಲಿಲ್ಲ.

ಆ ಬ್ಯಾಟನ್ನು ಕೇಳಿ ಪಡೆದು ಟ್ಯೂಬ್‌ಲೈಟಿನ ಕೆಳಗೆ ಅಂಚನ್ನು ನೋಡಿದೆ. ಮೇಲಿನ ಮರದ ಹಾಳೆ ಕಾಗದಕ್ಕಿಂತ ತುಸುವೇ ದಪ್ಪ. ಅದರ ತಳಕ್ಕೇ ಅಂಟಿಕೊಂಡಂತೆ ಕಾರ್ಬನ್ನಿನ ಕಪ್ಪು ಗೆರೆ. ನಡುವೆ ದಪ್ಪನೆಯ ಬಿಳಿಚು ತಿರುಳು, ಮತ್ತೆ ಕೆಳಗೆ ಕಪ್ಪು ಗೆರೆ. ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದು ಚೆಂಡು ಪುಟಿಸಿದರೆ 'ಟಕ್' ಎಂದು ಒಣ ಸದ್ದು, ಬೆರಳಿಗೆ ಏನೂ ಬರಲಿಲ್ಲ. ಚೆಂಡು ಬ್ಯಾಟಿನ ನಡುವೆ ಬಿತ್ತೋ ಅಂಚಿಗೆ ಬಿತ್ತೋ ಕಣ್ಣು ಮುಚ್ಚಿಕೊಂಡರೆ ಹೇಳಲು ಸಾಧ್ಯವಿಲ್ಲ. ಕಲಿಯುವ ವಯಸ್ಸಿನ ಹುಡುಗನಿಗೆ ಇಂಥ ಬ್ಯಾಟು ಯಾಕೆ ಕೊಟ್ಟಿರಿ ಎಂದರೆ ಎಲ್ಲರದೂ ಒಂದೇ ಉತ್ತರ: ಫಾಸ್ಟ್ ಇದೆ. ಫಾಸ್ಟ್ ಇದ್ದರೆ ಏನಾಯಿತು?

ಚೆಂಡು ರಬ್ಬರಿನ ಮೇಲೆ ಇರುವುದು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ. ಆ ಹೊತ್ತಿನಲ್ಲಿ ಯಾರೂ ಯಾವ ತಿದ್ದುಪಡಿಯನ್ನೂ ಮಾಡಲಾರರು. ಕೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಚೆಂಡು ಹೋಗಿಯಾಗಿರುತ್ತದೆ. ಹಿಡಿಯಲ್ಲಿ ಉಳಿಯುವ ಆ ಸಣ್ಣ ಕಂಪನ ಹೇಳುವುದು ಈಗಷ್ಟೇ ಮುಗಿದ ಹೊಡೆತದ ಸುದ್ದಿಯನ್ನು: ಚೆಂಡು ಎಲ್ಲಿ ತಗುಲಿತು, ಸವರಿಕೊಂಡು ಹೋಯಿತೋ ನೇರ ಬಡಿಯಿತೋ, ರಬ್ಬರಿನ ಕೆಳಗಿನ ಸ್ಪಂಜು ಎಷ್ಟು ಅದುಮಿತು. ಕೈ ಅದನ್ನು ಮುಂದಿನ ಹೊಡೆತಕ್ಕೆ ಇಟ್ಟುಕೊಳ್ಳುತ್ತದೆ. ಸಾವಿರಾರು ಸಲ ಹೀಗೆ ಆದ ಮೇಲೆ ಕೈ ಪಳಗುತ್ತದೆ. ಆಟಗಾರರು ಫೀಲ್ ಎನ್ನುವುದು ಇದನ್ನೇ. ಪಳಗಿದವನಿಗೆ ಇದು ಸ್ವಲ್ಪ ಕಡಿಮೆಯಾದರೂ ನಡೆದೀತು, ಕಲಿಯುವವನಿಗೆ ಇದೇ ಪಾಠ. ಆ ಪಾಠ ಕೈಗೆ ಬಾರದಂತೆ ಮಾಡುವ ಬ್ಯಾಟನ್ನು ದುಡ್ಡು ಕೊಟ್ಟು ತರಿಸುವುದು ನನಗೆ ಸಹಿಸಲಾಗದ ವಿಷಯ.

ನಮ್ಮ ಜನಕ್ಕೆ ಇದು ಗೊತ್ತಿಲ್ಲದ್ದೇ? ಪ್ರತಿ ಮನೆಯಲ್ಲೂ ಹಾಕಿ ಕೋಲು ಇರುವ ಜಿಲ್ಲೆ ನಮ್ಮದು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಶುರುವಾದ ಮೇಲೆ ಅಜ್ಜಂದಿರಿಂದ ಮೊಮ್ಮಕ್ಕಳವರೆಗೆ ಒಂದೇ ತಂಡದಲ್ಲಿ ಆಡಿದವರು ನಾವು. ಕಾರ್ಬನ್ ಶೇಕಡಾ ಎಷ್ಟು ಎಂದು ಕೋಲಿನ ಮೇಲೇ ಬರೆದಿರುತ್ತದೆ. ಹೆಚ್ಚು ಕಾರ್ಬನ್ ಇರುವ ಕೋಲನ್ನು ಎಂಟು ವರ್ಷದ ಮಗುವಿನ ಕೈಗೆ ಯಾರಾದರೂ ಕೊಡುತ್ತಾರೆಯೇ? ಚೆಂಡು ನಿಲ್ಲಿಸಲು ಹೋದರೆ ಕೋಲಿಗೆ ಬಡಿದು ಆಚೆ ಹಾರುತ್ತದೆ, ಮಗು ಟ್ರ್ಯಾಪ್ ಮಾಡುವುದನ್ನೇ ಕಲಿಯುವುದಿಲ್ಲ ಎಂದು ನಮ್ಮ ಅಜ್ಜಿಯರಿಗೂ ಗೊತ್ತು. ಮೈದಾನದಲ್ಲಿ ಇಷ್ಟು ತಿಳಿವಳಿಕೆ ಇರುವವರು ಟೇಬಲ್ಲಿನ ಮುಂದೆ ಬಂದು ನಿಂತ ಕೂಡಲೇ ಅದನ್ನು ಮರೆಯುವುದೇ ನನ್ನ ಸಿಟ್ಟಿಗೆ ಕಾರಣ.

ನಾನು ಕಾಂಪೊಸಿಟ್ ಬ್ಲೇಡಿನ, ಅಂದರೆ ಮರದ ಪದರಗಳ ನಡುವೆ ನಾರು ಸೇರಿಸಿದ ಬ್ಲೇಡಿನ, ವಿರೋಧಿ ಎಂದು ಯಾರೂ ತಿಳಿಯಬೇಡಿ. ನಾನು ಆಡುವುದೇ ಅದರಲ್ಲಿ. ಭುಜದ ನೋವು ಶುರುವಾದ ಮೇಲೆ ಮರದ ಬ್ಲೇಡಿನಲ್ಲಿ ಹಿಂದೆ ಸರಿದು ಲೂಪ್ ಮಾಡಲು, ಅಂದರೆ ಚೆಂಡನ್ನು ಮೇಲ್ಮುಖವಾಗಿ ಸವರಿ ಸ್ಪಿನ್ ಕೊಟ್ಟು ಬೀಸಲು, ನನಗೆ ಶಕ್ತಿ ಸಾಲದಾಯಿತು. ಆ ದಿನಗಳಲ್ಲಿ ಆಟ ಬಿಟ್ಟೇ ಬಿಡುತ್ತೇನೇನೋ ಎಂಬ ಹೆದರಿಕೆ ನನಗಿತ್ತು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತೋಟದ ಚಿಂತೆ, ಕಾಫಿ ಬೆಲೆಯ ಚಿಂತೆ, ಆನೆಯ ಚಿಂತೆ ಎಲ್ಲವನ್ನೂ ಎರಡು ಗಂಟೆ ಹೊರಗಿಟ್ಟು ಬರುವ ಜಾಗ ಅದೊಂದೇ. ನಾರು ಒಳಗಿರುವ ಬ್ಲೇಡ್ ನನ್ನನ್ನು ಟೇಬಲ್ಲಿನ ಬಳಿ ಉಳಿಸಿತು. ಹಾಗಾಗಿಯೇ ಈ ಬ್ಲೇಡುಗಳ ಬಗ್ಗೆ ಅಡ್ಡಾದಿಡ್ಡಿ ಮಾತು ಕೇಳಿದರೆ ನನಗೆ ಅಷ್ಟು ನೋಯುತ್ತದೆ.

ನಿಯಮ ಏನು ಹೇಳುತ್ತದೆ ನೋಡಿ. ಬ್ಲೇಡಿನ ದಪ್ಪದಲ್ಲಿ ಕನಿಷ್ಠ ಶೇಕಡಾ 85ರಷ್ಟು ನೈಸರ್ಗಿಕ ಮರವೇ ಇರಬೇಕು. ಅಂಟಿನ ಪದರಕ್ಕೆ ಕಾರ್ಬನ್, ಗಾಜಿನ ನಾರು ಇಂಥದ್ದೇನಾದರೂ ಸೇರಿಸಬಹುದು, ಆದರೆ ಆ ಪದರ ಒಟ್ಟು ದಪ್ಪದ ಶೇಕಡಾ 7.5 ಅಥವಾ 0.35 ಮಿಲಿಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಆರು ಮಿಲಿಮೀಟರ್ ದಪ್ಪದ ಬ್ಲೇಡಿನಲ್ಲಿ ಎಲ್ಲರೂ ಮಾತನಾಡುತ್ತಿರುವುದು ತಲಾ 0.35 ಮಿಲಿಮೀಟರ್ ಮೀರದ ಒಂದೆರಡು ಪದರಗಳ ಬಗ್ಗೆ. ಉಳಿದದ್ದೆಲ್ಲ ಮರ. ತಿರುಳು ಯಾವ ಮರದ್ದು, ಹೊರ ಹಾಳೆ ಯಾವ ಮರದ್ದು, ಒಟ್ಟು ದಪ್ಪ ಎಷ್ಟು, ನಾರು ಎಷ್ಟು ಆಳದಲ್ಲಿದೆ? ಹಲಗೆ ತಟ್ಟಿ ಮರದ ಜಾತಿ ಹೇಳುವವರಿರುವ ಊರಿನಲ್ಲಿ ಈ ಪ್ರಶ್ನೆಗಳನ್ನು ಒಬ್ಬರೂ ಕೇಳುವುದಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ ನಾರಿನ ಜಾಗದ್ದು. ಹೊರ ಹಾಳೆಯ ಕೆಳಗೇ ನಾರಿದ್ದರೆ ಮೆಲ್ಲಗೆ ಮುಟ್ಟಿದರೂ ಅದು ಉತ್ತರ ಕೊಡುತ್ತದೆ. ನಾರು ತಿರುಳಿಗೆ ಅಂಟಿಕೊಂಡಿದ್ದರೆ ಸಣ್ಣ ಹೊಡೆತಗಳಲ್ಲಿ ಕೈಗೆ ಮರವೇ ಸಿಗುತ್ತದೆ, ಜೋರಾಗಿ ಬೀಸಿದಾಗ ಮಾತ್ರ ನಾರು ಕೆಲಸಕ್ಕಿಳಿಯುತ್ತದೆ. ಎರಡನೆಯದು ನಾರಿನ ಜಾತಿ. ಬರಿ ಕಾರ್ಬನ್ ಬಿಗಿ, ಅದರ ಪೆಟ್ಟು ಮೊಂಡು. ಕಾರ್ಬನ್ ಜೊತೆ ಆರಿಲೇಟ್ ಎಂಬ ಕೃತಕ ನಾರಿನ ಎಳೆ ಹೆಣೆದಾಗ ಆ ಗಡಸುತನ ಇಳಿಯುತ್ತದೆ, ಆರಿಲೇಟ್ ಕಂಪನವನ್ನು ಹೀರಿಕೊಳ್ಳುತ್ತದೆ. 1993ರಲ್ಲಿ ಬಟರ್‌ಫ್ಲೈ ಕಂಪನಿ ತಂದ ವಿಸ್ಕೇರಿಯಾ ಬ್ಲೇಡ್ ಈ ಹೆಣಿಗೆಯದ್ದು: ಹೊರಗೆ ಕೊಟೊ ಮರ, ಅದರ ಕೆಳಗೆ ನಾರು, ಆಮೇಲೆ ಲಿಂಬಾ ಮರ, ನಡುವೆ ಕಿರಿ ಎಂಬ ಮರ. ಇಂದು ಕಡಿಮೆ ಬೆಲೆಗೆ ಸಿಗುವ ಎಷ್ಟೋ ಚೀನೀ ಬ್ಲೇಡುಗಳು ಇದೇ ಜೋಡಣೆಯನ್ನು ಅನುಸರಿಸುತ್ತವೆ.

ನಾನು ಕೈಯಲ್ಲಿ ಹಿಡಿದು ಆಡಿದವುಗಳಲ್ಲಿ ಚೀನಾದ ಯಿನ್ಹೆ ಕಂಪನಿಯ ಪ್ರೊ-01 ಈ ಸಾಲಿನದು. ಬೆಲೆ ವಿಸ್ಕೇರಿಯಾಕ್ಕಿಂತ ಎಷ್ಟೋ ಕಡಿಮೆ, ಕೆಲಸ ನಾಚಿಕೆಪಡುವಂಥದ್ದಲ್ಲ. ಎದುರಾಳಿಯ ಟಾಪ್‌ಸ್ಪಿನ್ನಿಗೆ ಬ್ಯಾಟು ಹಿಡಿದರೆ ಸಾಕು, ಬ್ಲಾಕ್ ಗಟ್ಟಿಯಾಗಿ ಕುಳಿತುಕೊಳ್ಳುತ್ತದೆ. ಚೆಂಡು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ತಗುಲಿದರೂ ವೇಗ ಬೀಳುವುದಿಲ್ಲ. ಪಳಗಿದವರಿಗೆ ಇದು ವರ. ಆದರೆ ನೆಟ್ಟಿನ ಬಳಿಯ ಗಿಡ್ಡ ಚೆಂಡಿಗೆ ಅದು ಕೈಯಲ್ಲಿ ಚಡಪಡಿಸುತ್ತದೆ. ಮುಟ್ಟಿದ್ದು ಸಾಕು ಅನಿಸುವಷ್ಟರಲ್ಲಿ ಚೆಂಡು ಉದ್ದವಾಗಿ ಹೋಗಿರುತ್ತದೆ.

ಯಿನ್ಹೆಯದೇ ಟಿ-11 ಪ್ಲಸ್ ಇನ್ನೊಂದು ಬಗೆ. ಬಾಲ್ಸಾ ಮರದ ತಿರುಳು, ಹಾಗಾಗಿ ತುಂಬ ಹಗುರ. ಹಿಡಿದ ಕೂಡಲೇ ಮಕ್ಕಳಿಗೆ ಇಷ್ಟವಾಗುತ್ತದೆ. ನನಗೆ ಅದು ಟೊಳ್ಳು ಅನಿಸಿತು. ಮೆಲ್ಲಗಿನ ಹೊಡೆತಕ್ಕೂ ಜೋರಿನದಕ್ಕೂ ಕೈಗೆ ಬರುವ ಸುದ್ದಿಯಲ್ಲಿ ವ್ಯತ್ಯಾಸ ಸಾಲದು. ಟೇಬಲ್ಲಿಗೆ ಅಂಟಿಕೊಂಡು ಬರಿ ಬಡಿಯುವವರಿಗೆ ಸರಿಹೋದೀತು, ನಾನು ಮತ್ತೆ ಕೊಳ್ಳುವುದಿಲ್ಲ.

ಡಿಎಚ್‌ಎಸ್ ಕಂಪನಿಯ ಹರಿಕೇನ್ 301 ಬಗ್ಗೆ ಮಾತ್ರ ನಾನು ಎಷ್ಟು ಹೊತ್ತು ಬೇಕಾದರೂ ಮಾತನಾಡಬಲ್ಲೆ. ಆರಿಲೇಟ್ ಕಾರ್ಬನ್ ಇಲ್ಲಿ ತಿರುಳಿನ ಪಕ್ಕದಲ್ಲಿದೆ, ಹೊರಗೆ ಲಿಂಬಾ. ಸರ್ವ್ ಮಾಡುವಾಗ, ಪುಶ್ ಮಾಡುವಾಗ ಕೈಗೆ ಹಳೆಯ ಐದು ಪದರದ ಮರದ ಬ್ಲೇಡ್ ಹಿಡಿದಂತೆಯೇ ಇರುತ್ತದೆ. ಫೋರ್‌ಹ್ಯಾಂಡಿನಲ್ಲಿ ಸೊಂಟ ತಿರುಗಿಸಿ ಪೂರ್ತಿ ಬೀಸಿದರೆ ಬ್ಲೇಡ್ ಸ್ವಲ್ಪ ಬಾಗಿ, ಚೆಂಡನ್ನು ಒಂದು ಕ್ಷಣ ಹಿಡಿದುಕೊಂಡು ಎಸೆದಂತೆ ಕೈಗೆ ತಿಳಿಯುತ್ತದೆ. ಆ ತಿಳಿಯುವಿಕೆಯೇ ನನಗೆ ಈ ಆಟದ ಸುಖ. ವಿಸ್ಕೇರಿಯಾ ಮಾದರಿಗಿಂತ ಇದು ನಿಧಾನ, ಸುಮ್ಮನೆ ಬ್ಯಾಟು ಹಿಡಿದರೆ ಬ್ಲಾಕ್ ಅಷ್ಟು ಚುರುಕಾಗಿ ಹೋಗುವುದಿಲ್ಲ. ಕೈ ಬೀಸಬೇಕು, ಕಾಲು ಸರಿಸಬೇಕು. ಸಾಧಾರಣ ಬೆಲೆಯ ಕಾಂಪೊಸಿಟ್‌ಗಳಲ್ಲಿ ನನ್ನ ಮತ ಇದಕ್ಕೇ, ಅದೂ ಆಟ ಕಲಿತು ಕೈ ನಿಂತ ಮೇಲೆ.

ಕಲಿಯುವವರೆಗೆ? ಐದು ಪದರದ ಮರ. ವೇಗ ಬೇಕೇ ಬೇಕು ಎನ್ನುವ ಹುಡುಗರಿಗೆ ಏಳು ಪದರದ ಮರ. ಸ್ಟೀಗಾ ಕ್ಲಿಪ್ಪರ್ ಇದೆ, ಅದಕ್ಕೆ ದುಡ್ಡು ಸಾಲದಿದ್ದರೆ ಸ್ಯಾನ್‌ವೇ ಫೆಕ್ಸ್ಟ್ರಾ 7 ಇದೆ. ನಾರಿನ ಒಂದೆಳೆಯೂ ಇಲ್ಲದೆ ಅದು ಎದುರಿನವರನ್ನು ಟೇಬಲ್ಲಿನಿಂದ ಹಿಂದಕ್ಕೆ ತಳ್ಳುವಷ್ಟು ಹೊಡೆಯುತ್ತದೆ, ತಪ್ಪಿದ ಹೊಡೆತ ಯಾಕೆ ತಪ್ಪಿತು ಎಂದೂ ಹೇಳುತ್ತದೆ. ಉಳಿದ ದುಡ್ಡಿಗೆ ಒಳ್ಳೆಯ ರಬ್ಬರ್ ತನ್ನಿ. ಸವೆದ ರಬ್ಬರ್ ಹಾಕಿಕೊಂಡು ಬ್ಲೇಡ್ ಬದಲಿಸುವವರನ್ನು ಕಂಡರೆ ನನಗೆ ಮಾತೇ ಹೊರಡುವುದಿಲ್ಲ.

'2014ರಲ್ಲಿ ಪ್ಲಾಸ್ಟಿಕ್ ಚೆಂಡು ಬಂದ ಮೇಲೆ ಸ್ಪಿನ್ ಕಡಿಮೆಯಾಗಿದೆ, ಕಾರ್ಬನ್ ಇಲ್ಲದೆ ಆಡಲಾಗದು' ಎಂದು ಇಂದೂ ಒಬ್ಬರು ವಾದಿಸಿದರು. ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂದದ್ದು ನಿಜ, ಸ್ಪಿನ್ ಇಳಿದದ್ದೂ ನಿಜ, ಮೇಲ್ಮಟ್ಟದ ಆಟಗಾರರು ಅದಕ್ಕೆ ತಕ್ಕಂತೆ ಬ್ಲೇಡು ರಬ್ಬರು ಬದಲಿಸಿಕೊಂಡದ್ದೂ ನಿಜ. ಅವರ ಕೈ ಪಳಗಿ ಎಷ್ಟೋ ವರ್ಷಗಳಾಗಿದ್ದವು. ನಮ್ಮ ಹಾಲ್‌ನಲ್ಲಿ ಚೆಂಡು ನಾಲ್ಕನೇ ಸಲ ನೆಟ್ ದಾಟಿದರೆ ಚಪ್ಪಾಳೆ ಬೀಳುತ್ತದೆ. ಇಲ್ಲಿ ಹುಡುಗರು ಸೋಲುತ್ತಿರುವುದು ಎದುರಾಳಿಯ ಸರ್ವ್ ತೆಗೆಯಲಾಗದೆ, ಗಿಡ್ಡ ಚೆಂಡನ್ನು ಗಿಡ್ಡವಾಗಿ ಹಿಂದಿರುಗಿಸಲಾಗದೆ. ಅವೆರಡಕ್ಕೂ ಬೇಕಾದದ್ದು ಸ್ಪರ್ಶ. ಪ್ಲಾಸ್ಟಿಕ್ ಚೆಂಡಿನ ಮಾತನ್ನು ಇಲ್ಲಿಗೆ ತರುವುದು ವ್ಯರ್ಥ.

ಸ್ಪರ್ಶ ಎಷ್ಟು ಸೂಕ್ಷ್ಮ ಎಂಬುದಕ್ಕೆ ದೊಡ್ಡವರ ಆಟವನ್ನೇ ನೋಡಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಿಶ್ರ ಡಬಲ್ಸ್ ಚಿನ್ನ ಗೆದ್ದ ಕೂಡಲೇ ಛಾಯಾಗ್ರಾಹಕರ ನೂಕುನುಗ್ಗಲಿನಲ್ಲಿ ಚೀನಾದ ವಾಂಗ್ ಚುಚಿನ್‌ನ ಬ್ಯಾಟು ತುಳಿತಕ್ಕೆ ಸಿಕ್ಕಿ ಮುರಿಯಿತು. ಮರುದಿನ ಬದಲಿ ಬ್ಯಾಟಿನಲ್ಲಿ ಆಡಿದ, ಆಗ ವಿಶ್ವದ ಒಂದನೇ ಸ್ಥಾನದಲ್ಲಿದ್ದ ಆ ಆಟಗಾರ ಸ್ವೀಡನ್ನಿನ ಟ್ರುಲ್ಸ್ ಮೋರೆಗಾರ್ಡ್‌ಗೆ 4-2ರಿಂದ ಸೋತ. ಸೋಲಿಗೆ ಬ್ಯಾಟೇ ಕಾರಣ ಎಂದು ನಾನು ಹೇಳುವುದಿಲ್ಲ, ಮೋರೆಗಾರ್ಡ್ ಅಂದು ಅದ್ಭುತವಾಗಿ ಆಡಿದ. ಆದರೆ ಆ ಬ್ಯಾಟು ಮುರಿದಾಗ ಆಟ ಬಲ್ಲವರೆಲ್ಲ ಯಾಕೆ ಅಷ್ಟು ಮರುಗಿದರು ಎಂದು ಯೋಚಿಸಿ. ವೇಗವೊಂದೇ ಮುಖ್ಯವಾಗಿದ್ದರೆ ಇನ್ನೊಂದು ಬ್ಯಾಟು ಸಾಕಿತ್ತಲ್ಲ.

ನಮ್ಮ ಕೊಡಗಿನದೇ ಒಂದು ಸಂಗತಿ ಹೇಳಲೇಬೇಕು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಬ್ಯಾಟಿನ ಮರ ತೇವ ಕುಡಿಯುತ್ತದೆ, ರಬ್ಬರಿನ ಮೇಲೆ ತೆಳ್ಳನೆಯ ನೀರಿನ ಪೊರೆ ಕಟ್ಟುತ್ತದೆ, ಚೆಂಡು ಕಚ್ಚದೆ ಜಾರಿ ನೆಟ್ಟಿಗೆ ಬೀಳುತ್ತದೆ. ಆಗ ಎಲ್ಲರೂ 'ಬ್ಯಾಟು ಸತ್ತಿದೆ' ಎನ್ನುತ್ತಾರೆ. ಇನ್ನೂ ಬಿಗಿಯಾದ, ಇನ್ನೂ ವೇಗದ ಬ್ಲೇಡ್ ತರಿಸುವ ಯೋಚನೆ ಹುಟ್ಟುವುದು ಇಂಥ ಸಂಜೆಗಳಲ್ಲೇ. ಹೊಸದು ಬಂದರೂ ಅದೇ ತೇವ, ಅದೇ ಜಾರಾಟ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬ್ಯಾಟು ಇಡಿ, ಎರಡು ಗೇಮ್‌ಗಳ ನಡುವೆ ಒಣಬಟ್ಟೆಯಿಂದ ರಬ್ಬರ್ ಒರೆಸಿ, ಚೆಂಡನ್ನೂ ಒರೆಸಿ. ಒಲೆಯ ಮೇಲೆ, ಹೀಟರಿನ ಮುಂದೆ ಇಡಬೇಡಿ, ಮರ ತಿರುಚಿಕೊಳ್ಳುತ್ತದೆ, ಅಂಟು ಬಿಡುತ್ತದೆ. ರಬ್ಬರ್ ಕೀಳುವಾಗ ಮರದ ಎಳೆಯ ಉದ್ದಕ್ಕೂ ನಿಧಾನವಾಗಿ ಎಳೆಯಿರಿ. ಲಿಂಬಾದ ಹೊರ ಹಾಳೆ ಸಿಬಿರೇಳುವುದು ಬಹಳ ಸುಲಭ, ಅದರಲ್ಲೂ ತೇವದ ದಿನಗಳಲ್ಲಿ.

ಆ ಹುಡುಗನ ಅಪ್ಪನೊಂದಿಗೆ ಮಾತನಾಡಿದ್ದೇನೆ. ಅವರು ನೊಂದುಕೊಂಡರು, ಅವರ ತಪ್ಪೇನಿಲ್ಲ. ಮಗ ಗೆಲ್ಲಲಿ ಎಂದು ಕಷ್ಟಪಟ್ಟು ಕೊಟ್ಟ ದುಡ್ಡು ಅದು. ಸಿಟ್ಟು ಇರುವುದು ತಿಳಿದೂ ಸಲಹೆ ಕೊಟ್ಟವರ ಮೇಲೆ. ಅವರು ಇದನ್ನು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಕಡೆಯ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಬಳಿ ಆಡದೆ ಬಿದ್ದಿರುವ ಐದು ಪದರದ, ಏಳು ಪದರದ ಮರದ ಬ್ಲೇಡುಗಳಿದ್ದರೆ ಭಾನುವಾರ ತನ್ನಿ. ನನ್ನ 301 ಕೂಡ ಟೇಬಲ್ಲಿನ ಮೇಲೆ ಇಟ್ಟಿರುತ್ತೇನೆ. ರಬ್ಬರ್ ಮತ್ತು ಅಂಟು ನನ್ನ ಖರ್ಚು. ಮಕ್ಕಳು ಎಲ್ಲವನ್ನೂ ಹಿಡಿದು ಆಡಿ ನೋಡಲಿ, ಆಮೇಲೆ ಅಪ್ಪ ಅಮ್ಮಂದಿರು ಕೊಳ್ಳಲಿ. ಹಿಡಿ ಕೆಳಗೆ ಅಗಲವಾಗುವ ಬಗೆಯದಾದರೆ ಒಳ್ಳೆಯದು, ಚಿಕ್ಕ ಕೈಗಳಿಗೆ ಅದೇ ಭದ್ರವಾಗಿ ಕೂರುತ್ತದೆ.