ನಾಚಿಕೆಗೆ ಡಾಕ್ಟರ ಹತ್ತಿರ ಹೇಳದೆ ಉಳಿಯುವ ಮಾತು

ತಲೆಯೊಳಗೆ ಗಡ್ಡೆ ಅಂದ ತಕ್ಷಣ ಮನೆಯಲ್ಲಿ ಅಳು ಶುರುವಾಗುತ್ತದೆ. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆಯುವ ಗಡ್ಡೆಯ ವಿಷಯದಲ್ಲಿ ಅಷ್ಟು ಭಯ ಬೇಡ. ಇವುಗಳಲ್ಲಿ ಕ್ಯಾನ್ಸರ್ ತೀರಾ ಅಪರೂಪ. ಎಷ್ಟೋ ಗಡ್ಡೆಗಳಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ನನ್ನ ಸಂಕಟ ಬೇರೆ. ಈ ಕಾಯಿಲೆ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದೇ ನಾವು ಬಾಯಿಬಿಟ್ಟು ಹೇಳದ ವಿಷಯಗಳಲ್ಲಿ. ಮುಟ್ಟು ನಿಂತುಹೋಗುವುದು, ಬಸುರಿಯೂ ಅಲ್ಲದ ಬಾಣಂತಿಯೂ ಅಲ್ಲದ ಹೆಣ್ಣಿಗೆ ಎದೆಹಾಲು ಬರುವುದು, ಗಂಡಸಿಗೆ ಹೆಂಡತಿಯ ಹತ್ತಿರ ಹೋಗುವ ಆಸೆಯೇ ಸತ್ತುಹೋಗುವುದು. ತಲೆನೋವು, ಸುಸ್ತು ಅಂತ ಡಾಕ್ಟರಿಗೆ ಹೇಳುತ್ತೇವೆ. ಇದನ್ನು ಮಾತ್ರ ನುಂಗಿಕೊಳ್ಳುತ್ತೇವೆ.

ನಮ್ಮ ಭಾವನಿಗೆ ಆಗಿದ್ದೂ ಇದೇ. "ಬರಿ ಮಾರಾಯ, ನಾಲ್ಕು ಜನಕ್ಕೆ ಗೊತ್ತಾಗ್ಲಿ" ಅಂತ ಅವರೇ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಭಾವ ಗೂಡ್ಸ್ ಗಾಡಿ ಓಡಿಸುತ್ತಾರೆ. ನಲವತ್ತು ದಾಟಿದ ಮೇಲೆ ಗಾಡಿಯ ಎರಡೂ ಬದಿಗೆ ಗೀರು ಬೀಳುವುದು ಶುರುವಾಯಿತು. ಗೇಟಿನ ಕಂಬಕ್ಕೆ ಉಜ್ಜುವುದು, ಸಂತೆ ಬೀದಿಯಲ್ಲಿ ಪಕ್ಕದಿಂದ ಬಂದ ಸೈಕಲ್ ಕಾಣದೆ ಗಕ್ಕನೆ ಬ್ರೇಕ್ ಒತ್ತುವುದು. ಕುಡಿದು ಓಡಿಸುತ್ತಾನೆ ಅಂತ ಊರಲ್ಲಿ ಮಾತಾಯಿತು. ಒಂದು ಹನಿ ಮುಟ್ಟದ ಮನುಷ್ಯ ಅವರು. ಕನ್ನಡಕದ ಅಂಗಡಿಯಲ್ಲಿ ಬೋರ್ಡಿನ ಕೊನೆಯ ಸಾಲಿನವರೆಗೂ ಸಲೀಸಾಗಿ ಓದಿದರು. ಕಣ್ಣು ಚೆನ್ನಾಗಿದೆ ಅಂತ ವಾಪಸ್ ಕಳಿಸಿದರು. ಎದುರಿನ ನೋಟ ಚೆನ್ನಾಗಿಯೇ ಇತ್ತು. ಹೋಗಿದ್ದು ಎರಡೂ ಪಕ್ಕದ ನೋಟ. ಬೋರ್ಡು ಓದಿಸಿದರೆ ಅದು ಗೊತ್ತಾಗುವುದಿಲ್ಲ.

ಕೊನೆಗೆ ಕಣ್ಣಿನ ಡಾಕ್ಟರೊಬ್ಬರು ಭಾವನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. "ಒಂದು ಕಣ್ಣು ಮುಚ್ಚಿಕೊಳ್ಳಿ, ನನ್ನ ಮೂಗನ್ನೇ ನೋಡ್ತಿರಿ. ಬೆರಳು ಕಂಡಾಗ ಹೇಳಿ" ಅಂದರು. ಕೈ ಅಗಲಕ್ಕೆ ಚಾಚಿ, ಬೆರಳು ಆಡಿಸುತ್ತಾ ನಿಧಾನಕ್ಕೆ ಒಳಗೆ ತಂದರು. ಬೆರಳು ಹೆಚ್ಚುಕಡಿಮೆ ಅವರ ಮೂಗಿನ ನೇರಕ್ಕೆ ಬರುವವರೆಗೂ ಭಾವ ಸುಮ್ಮನೇ ಕೂತಿದ್ದರು. ಇನ್ನೊಂದು ಕಣ್ಣಿಗೂ ಹಾಗೇ ಆಯಿತು. ಪಕ್ಕದಲ್ಲಿ ನಿಂತಿದ್ದ ನನಗೆ ಕೈಕಾಲು ತಣ್ಣಗಾಯಿತು. ಡಾಕ್ಟರು ನೋಟ ಎಷ್ಟು ಅಗಲಕ್ಕಿದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್, ಎಂಆರ್‌ಐ ಎರಡೂ ಬರೆದುಕೊಟ್ಟರು.

ಪಿಟ್ಯುಟರಿ ಗ್ರಂಥಿ ಇರುವುದು ಕಡಲೆಕಾಳಿನಷ್ಟು. ಮೂಗಿನ ಬುಡದ ಹಿಂದೆ, ಮೆದುಳಿನ ತಳದಲ್ಲಿ, ಮೂಳೆಯ ಸಣ್ಣ ಗುಳಿಯೊಳಗೆ ಕೂತಿರುತ್ತದೆ. ಥೈರಾಯ್ಡ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ, ಅಂಡಾಶಯ, ವೃಷಣ ಎಲ್ಲಕ್ಕೂ ಅಪ್ಪಣೆ ಹೋಗುವುದು ಇಲ್ಲಿಂದಲೇ. ಅದರ ನೆತ್ತಿಯ ಮೇಲೆ ಎರಡು ಕಣ್ಣಿನ ನರಗಳೂ ಕೂಡುತ್ತವೆ. ಪಕ್ಕದ ನೋಟ ತರುವ ಎಳೆಗಳು ಆ ಕಡೆಯಿಂದ ಈ ಕಡೆಗೆ ದಾಟುವುದು ಆ ಜಾಗದಲ್ಲೇ. ಗಡ್ಡೆ ಮೇಲಕ್ಕೆ ಬೆಳೆದು ಒತ್ತಿದರೆ ಮೊದಲು ಪೆಟ್ಟು ತಿನ್ನುವುದು ಅವೇ. 10 ಮಿಲಿಮೀಟರಿಗಿಂತ ಚಿಕ್ಕದಿದ್ದರೆ ಮೈಕ್ರೋ ಅನ್ನುತ್ತಾರೆ, ಅದಕ್ಕಿಂತ ದೊಡ್ಡದಾದರೆ ಮ್ಯಾಕ್ರೋ. ಭಾವನದು ದೊಡ್ಡದೇ ಇತ್ತು.

ಹಾರ್ಮೋನ್ ಡಾಕ್ಟರು ನೇರವಾಗಿ ಕೇಳಿದರು, ಗಂಡ ಹೆಂಡತಿ ಸಂಬಂಧ ಹೇಗಿದೆ ಅಂತ. ಭಾವ ತಲೆ ತಗ್ಗಿಸಿ, ಅದು ನಿಂತು ವರ್ಷಗಳೇ ಆದವು ಅಂದರು. ವಯಸ್ಸಾಯ್ತು, ದುಡಿಮೆ ಜಾಸ್ತಿ ಆಯ್ತು ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರಂತೆ. ಇತ್ತ ನಮ್ಮಕ್ಕ, ಇವರಿಗೆ ನನ್ನ ಮೇಲೆ ಮನಸ್ಸಿಲ್ಲ ಅಂತ ಒಳಗೊಳಗೇ ಕೊರಗಿದ್ದಳು. ಇಬ್ಬರಲ್ಲಿ ಒಬ್ಬರೂ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಗಂಡಸರಲ್ಲಿ ಮಿಲಿಲೀಟರಿಗೆ ಸುಮಾರು 20 ನ್ಯಾನೋಗ್ರಾಮಿನ ಒಳಗೆ ಇರಬೇಕಾದ ಪ್ರೊಲ್ಯಾಕ್ಟಿನ್ ಭಾವನಿಗೆ ಸಾವಿರ ದಾಟಿತ್ತು. ಹಾಲು ಉಣಿಸುವ ತಾಯಿಗೆ ಬೇಕಾದ ಹಾರ್ಮೋನು ಅದು. ಗಂಡಸಿನ ಮೈಯಲ್ಲಿ ಮಿತಿಮೀರಿದರೆ ಗಂಡಸಿನ ಹಾರ್ಮೋನನ್ನೇ ಅದುಮಿಬಿಡುತ್ತದೆ.

ಈ ಪ್ರೊಲ್ಯಾಕ್ಟಿನ್ ಗಡ್ಡೆಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಮಾತ್ರೆ. ಕ್ಯಾಬರ್ಗೋಲಿನ್, ವಾರಕ್ಕೆ ಒಂದೆರಡು ಸಲ. ಶುರುವಿನಲ್ಲಿ ವಾಕರಿಕೆ, ಎದ್ದು ನಿಂತರೆ ತಲೆಸುತ್ತು ಬರಬಹುದು, ಅದಕ್ಕೇ ರಾತ್ರಿ ಊಟದ ಜೊತೆ ತೆಗೆದುಕೊಳ್ಳಿ ಅನ್ನುತ್ತಾರೆ. ಭಾವನಿಗೆ ಕೆಲವೇ ವಾರಗಳಲ್ಲಿ ಪಕ್ಕದ ನೋಟ ಮರಳತೊಡಗಿತು. ಫೀಲ್ಡ್ ಟೆಸ್ಟ್ ಸರಿ ಬಂದ ಮೇಲೇ ಸ್ಟೇರಿಂಗ್ ಹಿಡಿದರು.

ಹೆಂಗಸರಲ್ಲಿ ಮುಟ್ಟು ತಪ್ಪುವುದರಿಂದ ಇದು ಬೇಗ ಸಿಕ್ಕಿಬೀಳಬೇಕು ಅಲ್ವಾ? ಆದರೂ ಮಗುವಾಗಲಿಲ್ಲ ಅಂತ ಸೊಸೆಯನ್ನು ಹರಕೆ, ವ್ರತ ಅಂತ ಊರೂರು ಸುತ್ತಿಸುತ್ತಾರೆ. ಒಂದು ರಕ್ತಪರೀಕ್ಷೆ ಮಾಡಿಸುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಹಾಗಂತ ಪ್ರೊಲ್ಯಾಕ್ಟಿನ್ ಜಾಸ್ತಿ ಇದ್ದ ಮಾತ್ರಕ್ಕೆ ಗಡ್ಡೆಯೇ ಅಂತಲ್ಲ. ಬಸುರಿನಲ್ಲಿ ಏರುತ್ತದೆ, ಥೈರಾಯ್ಡ್ ಕಡಿಮೆಯಾದರೂ ಏರುತ್ತದೆ. ಗ್ಯಾಸ್ಟ್ರಿಕ್‌ಗೆ ಅಂತ ನುಂಗುವ ಡೊಂಪೆರಿಡೋನ್ ಇರುವ ಮಾತ್ರೆಯಿಂದ, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ಏರುತ್ತದೆ. ತಿನ್ನುವ ಮಾತ್ರೆಯ ಚೀಟಿ ಎಲ್ಲವನ್ನೂ ಡಾಕ್ಟರಿಗೆ ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಬೆಳವಣಿಗೆಯ ಹಾರ್ಮೋನು ಸುರಿಸುವ ಗಡ್ಡೆ ಇನ್ನೂ ನಿಧಾನ. ಉಂಗುರ ಬಿಗಿಯಾಗುತ್ತದೆ, ಚಪ್ಪಲಿ ಅಳತೆ ಏರುತ್ತದೆ, ದವಡೆ ಮುಂದೆ ಬಂದು ಹಲ್ಲಿನ ನಡುವೆ ಸಂದು ಬೀಳುತ್ತದೆ, ಗೊರಕೆ ಜೋರಾಗುತ್ತದೆ. ದಿನವೂ ನೋಡುವ ಮನೆಯವರಿಗೆ ತಿಳಿಯುವುದೇ ಇಲ್ಲ. ಮದುವೆ ಆಲ್ಬಮ್ ತೆಗೆದು ಹೋಲಿಸಿ ನೋಡಿದರೆ ತಿಳಿಯುತ್ತದೆ. ಎಳೆಯ ವಯಸ್ಸಿನಲ್ಲೇ ಈ ಹಾರ್ಮೋನು ಮಿತಿಮೀರಿದರೆ ಮೈ ಉದ್ದಕ್ಕೆ ಬೆಳೆಯುತ್ತಲೇ ಹೋಗುತ್ತದೆ. 272 ಸೆಂಟಿಮೀಟರ್ ಎತ್ತರವಿದ್ದ ಅಮೆರಿಕದ ರಾಬರ್ಟ್ ವಾಡ್ಲೋಗೆ ಪಿಟ್ಯುಟರಿಯದೇ ತೊಂದರೆ, 1940ರಲ್ಲಿ 22ನೇ ವಯಸ್ಸಿಗೇ ತೀರಿಕೊಂಡ. ಇನ್ನೊಂದು ಜಾತಿಯ ಗಡ್ಡೆ ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲ್ ಅನ್ನುವ ಹಾರ್ಮೋನನ್ನು ಏರಿಸುತ್ತದೆ. ಮುಖ ಗುಂಡಗಾಗುತ್ತದೆ, ಹೊಟ್ಟೆಯ ಮೇಲೆ ನೇರಳೆ ಗೆರೆ ಬರುತ್ತವೆ, ಕೈಕಾಲು ಮಾತ್ರ ಸೊರಗುತ್ತವೆ. ತಿಂದು ದಪ್ಪಗಾದಳು ಅಂತ ಸುಮ್ನೆ ಬೈಸಿಕೊಳ್ಳುತ್ತಾರೆ ಪಾಪ.

ಇವೆರಡಕ್ಕೂ ಸಾಮಾನ್ಯವಾಗಿ ಮೊದಲು ಆಪರೇಷನ್. ಹೆಚ್ಚಿನವರಿಗೆ ತಲೆಬುರುಡೆ ತೆರೆಯುವುದಿಲ್ಲ, ಮೂಗಿನ ಮೂಲಕವೇ ಹೋಗಿ ತೆಗೆಯುತ್ತಾರೆ. ಉಳಿದ ಚೂರಿಗೆ ರೇಡಿಯೇಷನ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗುರಿಯಿಟ್ಟು ರೇಡಿಯೇಷನ್ ಕೊಡುವ ಗಾಮಾ ನೈಫ್ ಯಂತ್ರ ಇದೆ. ಆಪರೇಷನ್ ಆದವರು ಮೂಗು ಜೋರಾಗಿ ಸೀನಿಕೊಳ್ಳಬಾರದು. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಕೊಡಗಟ್ಟಲೆ ಮೂತ್ರ ಹೋಗಿ ಬಾಯಾರಿಕೆ ತಡೆಯದಾದರೆ ತಕ್ಷಣ ತಿಳಿಸಬೇಕು. ಕಾರ್ಟಿಸೋಲ್ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ಮಾತ್ರೆ ಬರೆದುಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಬಾರದು, ಜ್ವರ ಬಂದಾಗ ಎಷ್ಟು ಏರಿಸಬೇಕು ಅಂತ ಮೊದಲೇ ಕೇಳಿ ಬರೆಸಿಕೊಂಡಿರಬೇಕು.

ಹಿಂದೆಂದೂ ಕಾಣದಂಥ ತಲೆನೋವು ಏಕಾಏಕಿ ಬಂದು, ಜೊತೆಗೆ ವಾಂತಿ, ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು ಆದರೆ ಗಡ್ಡೆಯೊಳಗೆ ರಕ್ತ ಒಸರಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ನ್ಯೂರೋಸರ್ಜನ್ ಇರುವ ಆಸ್ಪತ್ರೆಗೆ ಆ ರಾತ್ರಿಯೇ ಹೊರಡಿ.