ಕೇಳಿಸ್ತಾ?

ಟೆಂಟಿನ ಚೀಲದ ಮೇಲೆ ‘ಇಬ್ಬರಿಗೆ’ ಎಂದು ಬರೆದಿತ್ತು. ಯಾವ ಇಬ್ಬರಿಗೆ ಎಂದು ಬರೆದಿರಲಿಲ್ಲ. ಹೊಸದಾಗಿ ಮದುವೆಯಾದವರನ್ನು ನೋಡಿ ಅಳತೆ ತೆಗೆದಿರಬೇಕು. ಮದುವೆಯಾಗಿ 25 ವರ್ಷ ದಾಟಿದ ನಮ್ಮಂಥವರಿಗೆ ಅದು ಒಂದೂವರೆ ಜನರ ಟೆಂಟು. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರೂ ಬದಲಿಸಬೇಕು. ಒಬ್ಬರು ಎದ್ದು ಹೊರಗೆ ಹೋಗಬೇಕೆಂದರೆ ಇನ್ನೊಬ್ಬರ ಅನುಮತಿ ಬೇಕು, ಟಾರ್ಚೂ ಬೇಕು. ಟಾರ್ಚು ಯಾವಾಗಲೂ ಮಲಗಿದವರ ಬೆನ್ನಿನ ಕೆಳಗೇ ಇರುತ್ತದೆ.

ಈ ವರ್ಷ ಗಣರಾಜ್ಯೋತ್ಸವ ಸೋಮವಾರ ಬಂದಿತ್ತಲ್ಲ, ಆ ಮೂರು ದಿನದ ರಜೆಗೆ ಹೊರಟಿದ್ದು. ಬೆಳಗಿನ ವಾಕಿಂಗ್‌ನಲ್ಲಿ ಜೊತೆಯಾದ ನಾಲ್ಕು ಮನೆಯವರು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತಿ, ಬೆಳಗ್ಗೆ ಸಾಗರದಲ್ಲಿ ಇಳಿದು, ಅಲ್ಲಿಂದ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೊಳೆಬಾಗಿಲಿನ ಕಡೆಗೆ. ಗೆಳತಿಯೊಬ್ಬಳ ನೆಂಟರ ಅಡಿಕೆ ತೋಟ ಅಲ್ಲಿದೆ. ತೋಟ ಮುಗಿದರೆ ಗದ್ದೆ, ಗದ್ದೆ ಮುಗಿದರೆ ಶರಾವತಿಯ ಹಿನ್ನೀರು. ಗದ್ದೆ ಕೊಯ್ಲಾಗಿ ಖಾಲಿ ಬಿದ್ದಿತ್ತು. ಟೆಂಟ್ ಅಲ್ಲೇ ಹಾಕಿ, ಬೆಂಕಿ ಮಾತ್ರ ಮನೆಯ ಅಂಗಳದ ಹತ್ತಿರ ಹಾಕಿ ಎಂದರು ತೋಟದವರು. ಒಣಹುಲ್ಲಿನ ಕಾಲ, ಅವರ ಮಾತು ಸರಿಯೇ. ಹಾಗಾಗಿ ನಮ್ಮ ಕ್ಯಾಂಪಿಂಗ್‌ನಲ್ಲಿ ಮಲಗುವುದು ಕಾಡಿನ ಅಂಚಿನಲ್ಲಿ, ಚಳಿ ಕಾಯಿಸುವುದು ಕೊಟ್ಟಿಗೆಯ ಪಕ್ಕದಲ್ಲಿ.

ಟೆಂಟ್ ಹಾಕುವುದಕ್ಕೆ ಎರಡೇ ನಿಮಿಷ ಸಾಕು ಎಂದು ಇವರು ರೈಲಿನಲ್ಲೇ ಹೇಳಿದ್ದರು. ವಿಡಿಯೋ ನೋಡಿದ್ದರಂತೆ. ಮುಕ್ಕಾಲು ಗಂಟೆ ಆದ ಮೇಲೆ ತೋಟದ ಕೆಲಸದವನು ಬಂದು, ಸ್ವಲ್ಪ ಹೊತ್ತು ಕೈಕಟ್ಟಿ ನಿಂತು ನೋಡಿ, “ಅದು ತಿರುವುಮುರುವು ಆಗ್ಯದೆ ಅಯ್ಯಾ” ಅಂದ. ಅವನು ಜನ್ಮದಲ್ಲಿ ಟೆಂಟ್ ನೋಡಿದವನಲ್ಲ. ಆದರೆ ಅಡಿಕೆ ಒಣಗಿಸಲು ಚಪ್ಪರ ಹಾಕಿ ಗೊತ್ತು. ಐದು ನಿಮಿಷದಲ್ಲಿ ನಾಲ್ಕೂ ಟೆಂಟು ಎದ್ದು ನಿಂತವು.

ರಾತ್ರಿ ಕುಚಲಕ್ಕಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ನಾವು ಬೆಂಗಳೂರಿನಿಂದ ಹೊತ್ತುಕೊಂಡು ಹೋಗಿದ್ದ ನೂಡಲ್ಸ್ ಪೊಟ್ಟಣಗಳನ್ನು ಯಾರೂ ಹೊರಗೇ ತೆಗೆಯಲಿಲ್ಲ.

ನಮ್ಮ ಜೊತೆ ಒಂದು ಎಳೆಯ ಜೋಡಿಯೂ ಇತ್ತು. ಗೆಳತಿಯ ಅಕ್ಕನ ಮಗ, ಅವನು ಮದುವೆಯಾಗಲಿರುವ ಹುಡುಗಿ. ಬೆಂಕಿಯ ಸುತ್ತ ಕೂತಾಗ ಅವರ ಪ್ರಪೋಸಲ್ ವಿಷಯ ಬಂತು. ವಿಷಯ ಮಾತ್ರ ಬಂದದ್ದಲ್ಲ, ವಿಡಿಯೋ ಸಮೇತ ಬಂತು. ಒಂದು ಗುಡ್ಡ, ಸಂಜೆಯ ಬೆಳಕು, ನೆಲದ ಮೇಲೆ ಗುಲಾಬಿ ಎಸಳಿನ ಹೃದಯ. ಹುಡುಗ ಮಂಡಿಯೂರಿ ಉಂಗುರ ಹಿಡಿದಿದ್ದಾನೆ. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಇದನ್ನೆಲ್ಲ ಹಿಡಿದ ಫೋಟೋಗ್ರಾಫರ್ ಒಂದೂವರೆ ಗಂಟೆ ಲಂಟಾನ ಪೊದೆಯ ಹಿಂದೆ ಕೂತಿದ್ದನಂತೆ, ಪಾಪ.

“ನಿಂಗೆ ಗೊತ್ತೇ ಇರಲಿಲ್ವಾ?” ಅಂತ ಕೇಳಿದೆ.

“ಗೊತ್ತಿತ್ತು ಆಂಟಿ. ಹಿಂದಿನ ದಿನ ಉಗುರು ಮಾಡಿಸ್ಕೊಂಡು ಬಾ ಅಂತ ಇವನೇ ಹೇಳಿದ್ದ.” ಆಮೇಲೆ ನನ್ನ ಕಡೆ ತಿರುಗಿ, “ಅಂಕಲ್ ನಿಮಗೆ ಹೇಗೆ ಪ್ರಪೋಸ್ ಮಾಡಿದ್ರು?”

ಅಂಕಲ್ ಆ ಕ್ಷಣಕ್ಕೆ ಸರಿಯಾಗಿ ಸೌದೆ ತರಲು ಎದ್ದುಹೋದರು. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು.

ಪ್ರಪೋಸ್ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ? ನಾನು ಹುಟ್ಟಿದ ತುಮಕೂರು ಕಡೆಯಲ್ಲಿ ಒಂದೇ ಮಾತು, ಹೆಣ್ಣು ಕೇಳುವುದು. “ನಿಮ್ಮ ಹುಡುಗೀನ ಕೇಳೋಕೆ ಬಂದಿದ್ರಂತೆ?” ಎನ್ನುತ್ತಾರೆ. ಕೇಳುವುದು ಅಪ್ಪನನ್ನು, ಸೋದರಮಾವನನ್ನು. ಹುಡುಗಿಯನ್ನಲ್ಲ. ನಮ್ಮ ಈ ‘ಕೇಳು’ ಒಂದು ವಿಚಿತ್ರ ಶಬ್ದ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೆ ಬೀಳುವುದೂ ಕೇಳುವುದೇ. ಒಬ್ಬರು ಕೇಳಿದರೆ ಸಾಲದು, ಇನ್ನೊಬ್ಬರೂ ಕೇಳಬೇಕು. ನನ್ನ ಮದುವೆ ಮೂರು ವಾರ ನೇತಾಡಿದ್ದು ಈ ಎರಡು ಕೇಳುವಿಕೆಗಳ ನಡುವೆ.

1999ರಲ್ಲಿ ನಾವಿಬ್ಬರೂ ಸಾಗರದ ಒಂದು ಬ್ಯಾಂಕಿನಲ್ಲಿದ್ದೆವು. ನಮ್ಮ ಶಾಖೆಗೆ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ನಾನು ಉಳಿತಾಯ ಖಾತೆಯ ಕೌಂಟರ್‌ನಲ್ಲಿ, ಮೊಣಕೈ ಉದ್ದದ ಲೆಡ್ಜರ್‌ಗಳ ಹಿಂದೆ. ಇವರು ಕ್ಯಾಷಿಯರ್, ತಂತಿ ಜಾಲರಿಯ ಪಂಜರದೊಳಗೆ. ನಡುವೆ ಹಿತ್ತಾಳೆ ಟೋಕನ್ ಹಿಡಿದು ಕಾಯುವ ಜನ. ಇವರು ಶಿರಸಿ ಕಡೆಯವರು. ನಾನು ಟೀ ಅಂದರೆ ಇವರು ಚಾ ಅನ್ನುತ್ತಿದ್ದರು. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಒಂದು ಭಾನುವಾರ ಶಾಖೆಯವರೆಲ್ಲ ಸಿಗಂದೂರಿಗೆ ಹೊರಟೆವು. ಆಗ ಸಿಗಂದೂರಿಗೆ ಹೋಗುವುದೆಂದರೆ ಅಂಬಾರಗೋಡ್ಲು ಕಡವಿನಲ್ಲಿ ಲಾಂಚ್‌ಗೆ ಕಾಯುವುದು. ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಮದುವೆ ದಿಬ್ಬಣ, ಎಲ್ಲವೂ ಅದರಲ್ಲೇ. ವಾಹನಗಳನ್ನು ಹತ್ತಿಸಿಕೊಳ್ಳುವಾಗ ಎಂಜಿನ್ ಆಗಲೇ ಶುರುವಾಗಿರುತ್ತಿತ್ತು. ಡಗಡಗ ಸದ್ದು, ಡೀಸೆಲ್ ಹೊಗೆ, ಕಾಲಡಿಯ ತಗಡು ನಡುಗಿ ಹಲ್ಲಿನವರೆಗೂ ಬರುವ ಕಂಪನ. ನಾನು ಕಂಬಿ ಹಿಡಿದು ನಿಂತಿದ್ದೆ. ನನಗೆ ದೋಣಿ, ಲಾಂಚ್ ಅಂದರೆ ಹೊಟ್ಟೆಯಲ್ಲಿ ಸಂಕಟ. ಬಯಲುಸೀಮೆಯವಳು, ಕೆರೆ ಏರಿಯ ಮೇಲೆ ನಿಂತು ನೀರು ನೋಡಿ ಅಭ್ಯಾಸ.

ಇವರು ಬಂದು ಪಕ್ಕದಲ್ಲಿ ನಿಂತರು. ಅದೇ ಜಾಗ, ಅದೇ ಗಳಿಗೆ ಯಾಕೆ ಎಂದು ಆಮೇಲೆ ಕೇಳಿದ್ದೆ. ಆ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸುವುದಿಲ್ಲ ಎಂದು ಇವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಕೇಳಿಸಬೇಕಾದವಳಿಗೂ ಕೇಳಿಸಲಿಲ್ಲ.

ಇವರು ಕೇಳಿದ್ದು, “ಮೇಡಂ, ಜಾತಕ ತಗೊಂಡು ಬರ್ಲಾ?”

ನನಗೆ ಕೇಳಿಸಿದ್ದು, “ಮೇಡಂ, ಚಾ ತಗೊಂಡು ಬರ್ಲಾ?”

ದಡದ ಮೇಲೆ ಗೂಡಂಗಡಿಯೊಂದು ಕಾಣುತ್ತಿತ್ತು. ಲಾಂಚ್ ಇನ್ನೂ ಬಿಟ್ಟಿರಲಿಲ್ಲ. ಓಡಿಹೋಗಿ ತರುತ್ತಾರೇನೋ ಅಂದುಕೊಂಡೆ. ನಾನು ಕೈ ಅಡ್ಡ ಆಡಿಸಿ ಗಟ್ಟಿಯಾಗಿ ಹೇಳಿದೆ: “ಬೇಡಪ್ಪಾ ಬೇಡ! ಕೇಳಿದ್ರೇ ಹೊಟ್ಟೆ ತೊಳಸುತ್ತೆ!”

ನನ್ನ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು.

ಆಮೇಲಿನ ಮೂರು ವಾರ ಕ್ಯಾಷಿಯರ್ ನನ್ನ ಕಡೆ ತಲೆಯೆತ್ತಲಿಲ್ಲ. ಅಲ್ಲಿವರೆಗೆ ಅಷ್ಟಾಗಿ ಗಮನಿಸದ ಮನುಷ್ಯ, ನೋಡುವುದನ್ನು ನಿಲ್ಲಿಸಿದ ಮೇಲೆ ಎದ್ದು ಕಾಣತೊಡಗಿದರು. ಇವರಿಗೇನಾಯಿತು? ದೇವಸ್ಥಾನದಲ್ಲಿ ನಾನೇನಾದರೂ ತಪ್ಪು ಮಾತಾಡಿದೆನಾ? ದಿನಕ್ಕೆ ನಾಲ್ಕು ಸಲ ಆ ಜಾಲರಿಯ ಕಡೆ ನೋಡುತ್ತಿದ್ದೆ. ನೋಟು ಎಣಿಸುವಾಗ ತುಟಿ ಅಲುಗಿಸುತ್ತಾರೆ, ಅಂಗಿಯ ಎಡತೋಳು ಮಾತ್ರ ಮಡಚುತ್ತಾರೆ, ಪಿಂಚಣಿಗೆ ಬಂದ ಅಜ್ಜಿಯರಿಗೆ ಹೊಸ ನೋಟೇ ಹುಡುಕಿ ಕೊಡುತ್ತಾರೆ ಎಂದು ನನಗೆ ಗೊತ್ತಾಗಿದ್ದು ಆ ಮೂರು ವಾರದಲ್ಲೇ.

ಒಂದು ದಿನ ಹನ್ನೊಂದು ಗಂಟೆಗೆ ಎದುರಿನ ಹೋಟೆಲಿನ ಹುಡುಗ ಟೀ ತಂದ. ಎಂದಿನಂತೆ ನನ್ನ ಮೇಜಿನ ಕಡೆ ಬರುತ್ತಿದ್ದಾಗ ಪಂಜರದೊಳಗಿಂದ ದನಿ ಬಂತು: “ಆ ಮೇಡಂಗೆ ಕೇಳ್ಬೇಡ. ಏನು ಕೇಳಿದ್ರೂ ಹೊಟ್ಟೆ ತೊಳಸುತ್ತೆ ಅವರಿಗೆ.”

ನನಗೆ ರೇಗಿತು. “ಅದು ಲಾಂಚ್‌ನಲ್ಲಿ! ಇಲ್ಲಿ ದಿನಾ ಕುಡಿಯೋದು ನೋಡಿಲ್ವಾ?”

“ಏನು ಕುಡಿಯೋದು?”

“ಟೀ. ನೀವೇ ಅಲ್ವಾ ಅವತ್ತು ಚಾ ತರ್ಲಾ ಅಂತ ಕೇಳಿದ್ದು?”

ಇವರು ನೂರರ ಕಟ್ಟು ಎಣಿಸುತ್ತಿದ್ದರು. ಎಣಿಕೆ ತಪ್ಪಿತು. ಒದ್ದೆ ಸ್ಪಂಜಿನ ಬಟ್ಟಲಿಗೆ ಅದ್ದಿದ ಬೆರಳು ಅಲ್ಲೇ ಉಳಿಯಿತು. ಕೌಂಟರ್ ಎದುರು ನಿಂತಿದ್ದ ಅಡಿಕೆ ಮಂಡಿಯ ಗುಮಾಸ್ತರು “ಸಾರ್, ಎಷ್ಟಾಯ್ತು?” ಅಂದರು. ಎಷ್ಟಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಹತ್ತು ನಿಮಿಷ ಬಿಟ್ಟು ಅಟೆಂಡರ್ ಒಂದು ಚಲನ್ ತಂದು ನನ್ನ ಲೆಡ್ಜರ್ ಮೇಲಿಟ್ಟ. ಹಣ ಕಟ್ಟುವ ಚಲನ್, ಹೆಸರು ಖಾಲಿ, ಮೊತ್ತ ಖಾಲಿ. ಹಿಂದೆ ನೀಲಿ ಶಾಯಿಯಲ್ಲಿ ಒಂದೇ ಒಂದು ಪದ: ‘ಚಾ ಅಲ್ಲ. ಜಾತಕ.’ ಸರಿ, ಎರಡು ಪದ ಜಾಸ್ತಿ. ಅಟೆಂಡರ್‌ಗೆ ಓದಲು ಚೆನ್ನಾಗಿ ಬರುತ್ತಿತ್ತು ಎನ್ನುವುದು ಅವನು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಅದೇ ಚಲನ್‌ನ ಕೆಳಗೆ ಬರೆದೆ: ‘ಚಿತ್ತಾ ನಕ್ಷತ್ರ, 4ನೇ ಪಾದ, ತುಲಾ ರಾಶಿ.’ ಬರೆದು, ಅಭ್ಯಾಸಬಲದಿಂದ ಕೆಳಗೊಂದು ಸಹಿಯನ್ನೂ ಹಾಕಿಬಿಟ್ಟೆ. ಇವತ್ತಿಗೂ ಜಗಳವಾದಾಗ ಇವರು ಹೇಳುವುದು ಅದನ್ನೇ: “ಸಹಿ ಮಾಡಿ ಕೊಟ್ಟಿದೀಯ, ನೆನಪಿರಲಿ.”

ಆಮೇಲಿನದೆಲ್ಲ ಎಲ್ಲರ ಮನೆಯಲ್ಲೂ ಆಗುವಂಥದ್ದು. ಅವರ ಅಪ್ಪ ಬಂದರು, ನಮ್ಮ ಅಪ್ಪನನ್ನು ಕೇಳಿದರು, ಜೋಯಿಸರು ಸಾಲಾವಳಿ ನೋಡಿದರು. 36ಕ್ಕೆ 18 ಬಂದರೆ ಪಾಸು. ನಮಗೆ 17 ಬಂದಿತ್ತು. ನಮ್ಮಜ್ಜಿ ಒಂದು ಗ್ರೇಸ್ ಮಾರ್ಕ್ ಕೊಡಿಸಿದರು.

ಇಷ್ಟು ಹೇಳುವಷ್ಟರಲ್ಲಿ ಇವರು ಸೌದೆ ತಂದು, ಒಂದು ಮೂಲೆಯಲ್ಲಿ ಏನೂ ಕೇಳಿಸದವರಂತೆ ಕೂತಿದ್ದರು. ತೋಟದ ಯಜಮಾನರಿಗೆ ಮಾತ್ರ ಕಥೆಯಲ್ಲಿ ಲಾಂಚ್ ಬಂದದ್ದೇ ಖುಷಿ. ದೂರದಲ್ಲಿ ಹೊಸ ಸೇತುವೆಯ ಮೇಲೆ ಒಂದೊಂದೇ ಗಾಡಿಯ ದೀಪ ಸರಿದುಹೋಗುತ್ತಿತ್ತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, 2025ರ ಜುಲೈ 14ರಂದು ಉದ್ಘಾಟನೆಯಾದದ್ದು. “ಮೊದ್ಲೆಲ್ಲ ಸಂಜೆ ಕೊನೇ ಲಾಂಚ್ ಹೋಯ್ತು ಅಂದ್ರೆ ಮುಗೀತು. ಆಚೆ ದಡದೋರಿಗೆ ರಾತ್ರಿ ಎದೆನೋವು ಬರೋ ಹಾಗಿಲ್ಲ, ಹೆರಿಗೆ ಬರೋ ಹಾಗಿಲ್ಲ” ಅಂದರು ಅವರು. ಮಳೆ ತಡವಾದ ವರ್ಷ ನೀರು ಇಳಿದರೆ ಲಾಂಚ್‌ಗೆ ವಾಹನ ಹತ್ತಿಸುವುದೂ ಬಂದ್ ಆಗುತ್ತಿತ್ತು.

ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಬೆಳಕು ಬಂತು, ಇಲ್ಲಿಯ ಊರುಗಳು ಮುಳುಗಿದವು, ಆಚೆ ದಡದ ತುಮರಿ ಕಡೆಯವರಿಗೆ ಸಾಗರ ಪೇಟೆ ಕಣ್ಣೆದುರಿಗಿದ್ದೂ ದೂರವಾಯಿತು. ಇಲ್ಲಿಯ ಜನ ಅದನ್ನು ಒಂದೇ ಪದದಲ್ಲಿ ಹೇಳುತ್ತಾರೆ, ಮುಳುಗಡೆ. ನೀರು ತಗ್ಗಿದಾಗ ಆ ಕಾಲದ ಮರಗಳ ಬೊಡ್ಡೆಗಳು ಈಗಲೂ ಮೇಲೇಳುತ್ತವೆ, ಕಪ್ಪಗೆ, ಕೊಂಬೆಯಿಲ್ಲದೆ. ಸೇತುವೆ ಬೇಕು ಎಂದು ದಶಕಗಟ್ಟಲೆ ಕೇಳಿದರು. ಕೇಳಬೇಕಾದವರಿಗೆ ಎಂಜಿನ್ ಸದ್ದು ಜಾಸ್ತಿ ಇತ್ತೇನೋ. ನನ್ನ ಮೂರು ವಾರದ ಕಥೆಯನ್ನು ಅವರ ಆರು ದಶಕದ ಪಕ್ಕ ಇಟ್ಟು ಮಾತಾಡಲು ನನಗೆ ನಾಚಿಕೆಯಾಯಿತು. ಅವರೇ ನಗುತ್ತಾ, “ಈಗಿನ ಹುಡುಗರಿಗೆ ಕಷ್ಟ ಬಿಡಿ. ಸೇತುವೆ ಮೇಲೆ ಐದು ನಿಮಿಷ. ಅಷ್ಟರಲ್ಲಿ ಏನು ಕೇಳ್ತಾರೆ?” ಎಂದರು.

ಹುಡುಗಿ ಬಿಡಲಿಲ್ಲ. “ಆಂಟಿ, ಲಾಂಚ್‌ನಲ್ಲಿ ಸರಿಯಾಗಿ ಕೇಳಿಸಿದ್ರೆ ಏನು ಹೇಳ್ತಿದ್ರಿ?”

ಇದನ್ನು 25 ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಬೆಂಕಿಯ ಆಚೆ ಬದಿಯಿಂದ ಇವರು ತಲೆಯೆತ್ತಿದ್ದು ಕಂಡಿತು. ಕಿವಿ ಈಗ ಚುರುಕಾಗಿತ್ತು.

“ಬೇಡ ಅಂತಿದ್ದೆ” ಅಂದೆ. ನಿಜ ಅದೇ. ಅವತ್ತು ನನಗೆ ಇವರ ಇನಿಷಿಯಲ್ ಕೂಡ ಗೊತ್ತಿರಲಿಲ್ಲ.

ಯಾರೂ ಮಾತಾಡಲಿಲ್ಲ. ಒಂದು ಹಸಿ ಕೊಳ್ಳಿ ಸುಯ್ಯೆಂದು ನೀರು ಕಕ್ಕಿತು. ಇವರು ಅದನ್ನು ಹೊರಗೆಳೆದು, ಮಗುಚಿ ಹಾಕಿ, “ಲಾಂಚ್ ಎಂಜಿನ್‌ಗೆ ಒಂದು ತೆಂಗಿನಕಾಯಿ ಒಡೆಸಬೇಕಿತ್ತು” ಎಂದರು.

ರಾತ್ರಿ ಟೆಂಟಿನ ಮೇಲೆ ಇಬ್ಬನಿ ಹನಿಯುವ ಸದ್ದು. ನಿದ್ದೆ ಹತ್ತುವ ಹೊತ್ತಿಗೆ ಇವರು ಏನೋ ಅಂದರು. “ಏನ್ರೀ?” ಅಂದೆ. “ಟಾರ್ಚ್ ನಿನ್ನ ಬೆನ್ನಿನ ಕೆಳಗಿದೆ ಅಂದೆ.”

ಬೆಳಗ್ಗೆ ಎದ್ದಾಗ ನೀರು ಕಾಣುತ್ತಿರಲಿಲ್ಲ, ಬರೀ ಮಂಜು. ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಇವರು ಕುಕ್ಕರಗಾಲಲ್ಲಿ ಕೂತು ಬೆಂಕಿ ಊದುತ್ತಿದ್ದರು. ಎಡತೋಳು ಮಾತ್ರ ಮಡಚಿತ್ತು. ನನ್ನನ್ನು ನೋಡಿ, ಗದ್ದೆಯ ತುದಿಗೂ ಕೇಳಿಸುವಂತೆ ಕೂಗಿದರು:

“ಮೇಡಂ, ಜಾತಕ ತಗೊಂಡು ಬರ್ಲಾ?”

ಒಂದೊಂದೇ ಟೆಂಟಿನ ಜಿಪ್ಪು ಸರ್ರೆಂದು ತೆರೆಯಿತು. ಮೊದಲು ಹುಡುಗಿಯ ತಲೆ ಹೊರಗೆ ಬಂತು. “ಅಂಕಲ್, ನಂಗೂ ಒಂದು ಜಾತಕ!” ಅದರ ಹಿಂದೆ ಹುಡುಗನದು. ಕೊನೆಯ ಟೆಂಟಿನೊಳಗಿಂದ, ಮುಖ ತೋರಿಸದೆಯೇ, ಗೆಳತಿಯ ಗಂಡ ಕೂಗಿದರು:

“ನಂದು ಸಕ್ಕರೆ ಇಲ್ದಿರೋ ಜಾತಕ!”